ಹನ್ನೆರಡು ವರ್ಷಗಳ ಮುಖ

ಸಿನೆಮಾದಲ್ಲಿ ಬಾಲಕನು ಯುವಕನಾಗಲು ಕ್ಷಣವೊಂದು ಸಾಕು. ಓಡುತ್ತಿರುವ ಎರಡು ಪುಟ್ಟ ಕಾಲುಗಳನ್ನು ತೋರಿಸಿ, ಮರುಕ್ಷಣವೇ ಎರಡು ದೊಡ್ಡ ಕಾಲುಗಳನ್ನು ತೋರಿಸಿದರೆ ಹದಿನೈದು ವರ್ಷ ಕಳೆದುಹೋಯಿತು. ಬಾಲನಟನ ಜಾಗಕ್ಕೆ ನಾಯಕನಟ ಬರುತ್ತಾನೆ. ಇಬ್ಬರ ಮುಖದಲ್ಲಿ ಹೋಲಿಕೆಯೇ ಇಲ್ಲದಿದ್ದರೂ ಪ್ರೇಕ್ಷಕನು ತಕರಾರು ಮಾಡುವುದಿಲ್ಲ.

ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ಈ ಸುಲಭದ ದಾರಿಯನ್ನು ಬಿಟ್ಟರು. 2014ರಲ್ಲಿ ತೆರೆಕಂಡ ಅವರ ‘ಬಾಯ್‌ಹುಡ್’ ಚಿತ್ರವು ಮೇಸನ್ ಎಂಬ ಹುಡುಗನ 6ನೆಯ ವಯಸ್ಸಿನಿಂದ 18ನೆಯ ವಯಸ್ಸಿನವರೆಗಿನ ಕಥೆ. ಚಿತ್ರೀಕರಣ ಆರಂಭವಾದದ್ದು 2002ರಲ್ಲಿ, ಮುಗಿದದ್ದು 2013ರಲ್ಲಿ. ವರ್ಷಕ್ಕೆ ಕೆಲವೇ ದಿನ ಅದೇ ನಟವರ್ಗ ಟೆಕ್ಸಾಸ್‌ನಲ್ಲಿ ಸೇರಿ ಒಂದಿಷ್ಟು ಭಾಗವನ್ನು ಚಿತ್ರಿಸಿ ಚದುರುತ್ತಿತ್ತು. ಎಲ್ಲರ್ ಕೋಲ್ಟ್ರೇನ್ ಎಂಬ ಬಾಲಕನು ನಿಜವಾಗಿಯೂ ಬೆಳೆದಂತೆ ಮೇಸನ್ ಬೆಳೆದನು. ತಾಯಿಯಾಗಿ ನಟಿಸಿದ ಪೆಟ್ರೀಷಿಯಾ ಆರ್ಕೆಟ್, ತಂದೆಯಾಗಿ ನಟಿಸಿದ ಈಥನ್ ಹಾಕ್ ಅವರ ಮುಖಗಳ ಮೇಲೂ ಆ ವರ್ಷಗಳೇ ಗೆರೆ ಎಳೆದವು. ಒಂದನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ಶಾಲಾಜೀವನವೇ ಈ ಕಥೆಯ ಅಳತೆಗೋಲು.

ಚಿತ್ರದ ದೃಶ್ಯಶೈಲಿಯ ವೈಶಿಷ್ಟ್ಯವು ಅದು ಏನನ್ನು ಮಾಡುವುದಿಲ್ಲ ಎಂಬುದರಲ್ಲಿದೆ. ‘ಎರಡು ವರ್ಷಗಳ ನಂತರ’ ಎಂಬ ಬರಹ ತೆರೆಯ ಮೇಲೆ ಮೂಡುವುದಿಲ್ಲ. ಕ್ಯಾಲೆಂಡರಿನ ಹಾಳೆಗಳು ಹಾರುವುದಿಲ್ಲ. ಒಂದು ದೃಶ್ಯ ಮುಗಿದು ಇನ್ನೊಂದು ಬಂದಾಗ ಹುಡುಗನ ಕೂದಲು ಉದ್ದವಾಗಿರುತ್ತದೆ, ದನಿ ಒಡೆದಿರುತ್ತದೆ, ಮನೆಯ ಕಂಪ್ಯೂಟರು ಬದಲಾಗಿರುತ್ತದೆ. ಕಾಲ ಸರಿದದ್ದು ನೋಡುಗನಿಗೆ ಆಮೇಲೆ ತಿಳಿಯುತ್ತದೆ. ಆ ಹನ್ನೆರಡು ವರ್ಷಗಳಲ್ಲಿ ಸಿನೆಮಾ ಪ್ರಪಂಚವು ಫಿಲ್ಮಿನಿಂದ ಡಿಜಿಟಲ್‌ಗೆ ಹೊರಳಿದರೂ ಲಿಂಕ್ಲೇಟರ್ ಕೊನೆಯವರೆಗೂ 35 ಮಿಲಿಮೀಟರ್ ಫಿಲ್ಮನ್ನೇ ಬಳಸಿದರು. ಚಿತ್ರದ ಮೇಲ್ಮೈ ಒಂದೇ ಸಮನಾಗಿ ಉಳಿದುದರಿಂದ ಬದಲಾವಣೆಯೆಲ್ಲ ಮನುಷ್ಯರಲ್ಲಿಯೇ ಕಾಣಿಸುತ್ತದೆ.

ಹ್ಯಾರಿ ಪಾಟರ್‌ನ ಹೊಸ ಪುಸ್ತಕ ಬಿಡುಗಡೆಯಾದ ರಾತ್ರಿ ಮಕ್ಕಳು ವೇಷ ತೊಟ್ಟು ಸೇರುವ ದೃಶ್ಯವೂ, 2008ರ ಚುನಾವಣೆಯಲ್ಲಿ ತಂದೆ ಮಕ್ಕಳ ಕೈಯಿಂದ ಒಬಾಮಾ ಪರ ಫಲಕಗಳನ್ನು ನೆಡಿಸುವ ದೃಶ್ಯವೂ ಇಲ್ಲಿವೆ. ಚಿತ್ರೀಕರಿಸಿದಾಗ ಅವು ವರ್ತಮಾನ. ಚಿತ್ರ ತೆರೆಗೆ ಬರುವ ಹೊತ್ತಿಗೆ ಇತಿಹಾಸ. ಕುಟುಂಬವು ಮನೆ ಖಾಲಿ ಮಾಡುವಾಗ, ಮಕ್ಕಳ ಎತ್ತರವನ್ನು ಗುರುತಿಸಿದ್ದ ಬಾಗಿಲ ಚೌಕಟ್ಟಿಗೆ ಮೇಸನ್ ಬಣ್ಣ ಬಳಿಯುತ್ತಾನೆ. ಅಲ್ಲಿ ಯಾರೂ ಅಳುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ.

ಈ ಚಿತ್ರದ ಹಿಂದೆ ಕಾನೂನಿನ ಸ್ವಾರಸ್ಯವೊಂದಿದೆ. ಹನ್ನೆರಡು ವರ್ಷ ನಟಿಸುವೆನೆಂದು ಯಾರಿಂದಲೂ ಕರಾರು ಬರೆಸಿಕೊಳ್ಳುವಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ವೈಯಕ್ತಿಕ ಸೇವೆಯ ಕರಾರನ್ನು ಏಳು ವರ್ಷಗಳಾಚೆ ಯಾರ ಮೇಲೂ ಹೇರಲಾಗದು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಬ್ರದರ್ಸ್ ಸಂಸ್ಥೆಯ ವಿರುದ್ಧ ಹೂಡಿದ ಮೊಕದ್ದಮೆಯಿಂದ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪಾತ್ರ ನಿರಾಕರಿಸಿದ ನಟಿಯನ್ನು ಸಂಸ್ಥೆಯು ಅಮಾನತಿನಲ್ಲಿರಿಸಿ, ಆ ಅವಧಿಯನ್ನು ಕರಾರಿನ ಕೊನೆಗೆ ಜೋಡಿಸುತ್ತಿತ್ತು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಹೊರತು ದುಡಿದ ದಿನಗಳ ಲೆಕ್ಕವಲ್ಲವೆಂದು ಮೇಲ್ಮನವಿ ನ್ಯಾಯಾಲಯವು 1944ರಲ್ಲಿ ತೀರ್ಪಿತ್ತಿತು. ಕಳೆದ ಕಾಲವನ್ನು ಹಿಗ್ಗಿಸುವ ಅಧಿಕಾರ ಮಾಲೀಕನಿಗೂ ಇಲ್ಲವೆಂದು ಆ ತೀರ್ಪಿನ ಸಾರ.

ಆದ್ದರಿಂದ ‘ಬಾಯ್‌ಹುಡ್’ ನಿಂತದ್ದು ಮಾತಿನ ಮೇಲೆ. ಬಾಲನಟ ಯಾವ ವರ್ಷವಾದರೂ ಇನ್ನು ಬರಲಾರೆ ಎನ್ನಬಹುದಿತ್ತು. ಅಕ್ಕನ ಪಾತ್ರ ಮಾಡಿದ್ದ ನಿರ್ದೇಶಕರ ಮಗಳು ಲೋರೆಲೈ ಒಮ್ಮೆ ಬೇಸತ್ತು, ತನ್ನ ಪಾತ್ರವನ್ನು ಸಾಯಿಸಿಬಿಡುವಂತೆ ತಂದೆಯನ್ನು ಕೇಳಿದ್ದಳು. ತಾನೇ ತೀರಿಕೊಂಡರೆ ಚಿತ್ರವನ್ನು ಮುಗಿಸಿಕೊಡಬೇಕೆಂದು ಲಿಂಕ್ಲೇಟರ್ ಈಥನ್ ಹಾಕ್‌ರಲ್ಲಿ ಹೇಳಿಟ್ಟಿದ್ದರು. ಆದರೂ ಪ್ರತಿವರ್ಷ ಎಲ್ಲರೂ ಮರಳಿ ಬಂದರು.

ಕೊನೆಯ ಭಾಗದಲ್ಲಿ ಮಗ ಕಾಲೇಜಿಗೆ ಹೊರಡುತ್ತಾನೆ. ತಾಯಿ ಕಣ್ಣೀರಿಡುತ್ತಾಳೆ, ಬದುಕಿನಲ್ಲಿ ಇನ್ನೂ ಏನೋ ಹೆಚ್ಚಿನದು ಇರಬಹುದೆಂದುಕೊಂಡಿದ್ದೆ ಎಂಬುದು ಅವಳ ಅಳಲು. ಈ ಪಾತ್ರಕ್ಕಾಗಿ ಆರ್ಕೆಟ್ 2015ರಲ್ಲಿ ಆಸ್ಕರ್ ಪಡೆದರು. ನೋಡುಗನು ಮಾತ್ರ ಎರಡೂಮುಕ್ಕಾಲು ಗಂಟೆ ಆ ‘ಹೆಚ್ಚಿನದ’ನ್ನೇ ನೋಡಿರುತ್ತಾನೆ: ಕಾರಿನೊಳಗಿನ ಜಗಳ, ಮಲಗುವ ಮುನ್ನ ಓದಿಸಿಕೊಂಡ ಕಥೆ, ಹಿಡಿಸದ ಕ್ಷೌರ. ಅವಳು ನಡುವೆಯೇ ಇದ್ದುದರಿಂದ ಅವಳಿಗೆ ಅದು ಕಾಣಲಿಲ್ಲ.

ಗಡಿನಾಡಿನ ಕನ್ನಡ ಶಾಲೆಯ ಮನೆಗಳಿಗೆ ಈ ಚಿತ್ರ ಹತ್ತಿರವಾಗುವುದು ಇಲ್ಲಿಯೇ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ದೊರಕಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸರಕಾರದ ಹೊಣೆ. ಆದರೆ ಮಗುವನ್ನು ಹತ್ತು ವರ್ಷ ಅದೇ ಶಾಲೆಗೆ ಕಳುಹಿಸುವೆನೆಂಬ ಕರಾರನ್ನು ಯಾವ ತಂದೆತಾಯಿಯೂ ಬರೆದುಕೊಟ್ಟಿರುವುದಿಲ್ಲ. ಬೇರೆ ಮಾಧ್ಯಮದ ಶಾಲೆಯ ಬಸ್ಸು ಮನೆಯ ಮುಂದೆಯೇ ಬಂದು ನಿಲ್ಲುವಾಗ, ನಿರ್ಧಾರವನ್ನು ಪ್ರತಿವರ್ಷವೂ ಹೊಸದಾಗಿ ಮಾಡಬೇಕಾಗುತ್ತದೆ. ಒಂದನೆಯ ತರಗತಿಯ ಮಗು ಹತ್ತನೆಯದರಲ್ಲಿ ಅದೇ ಅಂಗಳದಲ್ಲಿ ನಿಂತಿದ್ದರೆ, ಹಿಂದೆ ಹತ್ತು ಸಲ ಮರಳಿ ಬಂದ ಮನೆಯೊಂದಿದೆ ಎಂದೇ ಅರ್ಥ.

ಮನೆಯವರಿಗೊಂದು ಸೂಚನೆ. ಚಿತ್ರದಲ್ಲಿ ಕುಡಿತ, ಒರಟು ಮಾತು, ಹದಿಹರೆಯದ ತಪ್ಪುಗಳು ಮುಚ್ಚುಮರೆಯಿಲ್ಲದೆ ಬರುತ್ತವೆ. ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲ. ಹಿರಿಯರು ಮೊದಲು ನೋಡಲಿ. ನೋಡಿ ಮುಗಿಸಿದ ಮೇಲೆ, ಗೋಡೆಗೆ ಬಣ್ಣ ಬಳಿಸುವ ಯೋಚನೆಯಿದ್ದರೆ, ಮಕ್ಕಳ ಎತ್ತರದ ಗುರುತುಗಳಿರುವ ಜಾಗವನ್ನೊಮ್ಮೆ ಅಳೆದು ಬರೆದಿಟ್ಟುಕೊಳ್ಳಲಿ.