ಮೊದಲು ತಿಳಿಯುವುದು ಗೆಳತಿಗೆ

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಒಂದು ಕಥೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಟ್ಟಿನವು. ಮೊದಲ ಪಿಯುಸಿ ಓದುವ ಹುಡುಗಿಯೊಬ್ಬಳ ದಿನ ತಪ್ಪಿದೆ ಎಂಬುದು ಹಾಸ್ಟೆಲಿನಲ್ಲಿ ಅವಳ ಜೊತೆಗಿರುವ ಗೆಳತಿಗೆ ಗೊತ್ತಾಗುತ್ತದೆ. ಯಾರಿಗಾದರೂ ಹೇಳಬೇಕೇ, ಹೇಳಿದರೆ ಯಾರಿಗೆ, ಹೇಳದೆ ಹೋದರೆ ಮುಂದೇನು ಎಂದು ಆ ಗೆಳತಿ ಒದ್ದಾಡುತ್ತಾಳೆ. ಕಥೆ ಇಷ್ಟೇ. ಮೈಯ ವರ್ಣನೆ ಅದರಲ್ಲಿಲ್ಲ, ಹುಡುಗನ ಹೆಸರು ಕೂಡ ಒಂದೇ ಸಲ ಬರುತ್ತದೆ. 'ಮನೆಯಲ್ಲಿ ಮಕ್ಕಳ ಕೈಗೆ ಸಿಗುವ ಪತ್ರಿಕೆಯಲ್ಲಿ ಇದೆಲ್ಲ ಯಾಕೆ' ಎಂದು ಓದುಗರು ಕೇಳಿದ್ದಾರೆ. ಅವರ ಆತಂಕಕ್ಕೆ ಕಾರಣವಿದೆ, ಅವರಿಗೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಆದರೆ ಸಹ ಪತ್ರಿಕೆಯೊಂದರ ಅಂಕಣಕಾರರು ಇದನ್ನು ಅಮೆರಿಕದಿಂದ ತಂದ ಸರಕು ಎಂದೂ, ಕನ್ನಡದ ಮಣ್ಣಿಗೆ ಒಗ್ಗದ ವಸ್ತು ಎಂದೂ ಬರೆದಿದ್ದಾರೆ. ಕನ್ನಡ ಸಾಹಿತ್ಯವನ್ನು ಬಲ್ಲವರು ಆಡುವ ಮಾತಲ್ಲ ಇದು.

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವು ಪಾಠ ಮಾಡುವ ಆ ಪುಸ್ತಕದ ಕೇಂದ್ರದಲ್ಲಿರುವವಳು ಒಬ್ಬ ಎಳೆಯ ವಿಧವೆ. ಅವಳು ಮನೆಬಿಟ್ಟು ಹೊರಟು, ಓದಿ, ಮತ್ತೆ ಮದುವೆಯಾಗುತ್ತಾಳೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರವಾಗಿ ನಿಲ್ಲುವವಳು ಅದೇ ಕಟ್ಟಳೆಯಲ್ಲಿ ಬದುಕು ಸವೆಸಿದ ಮುದುಕಿ. ಇನ್ನು ಅನಂತಮೂರ್ತಿಯವರ 'ಘಟಶ್ರಾದ್ಧ'. ಅದರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಥೆಯನ್ನು ಹಳಿದವರು ಆ ಕಥೆಯಿಂದ ಬಂದ ಸಿನಿಮಾವನ್ನು ಹೊಗಳುತ್ತಲೇ ಬಂದವರು. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಆ ಮೊದಲ ಕಥಾಚಿತ್ರಕ್ಕೆ ಸ್ವರ್ಣಕಮಲ ಬಂತು. 2024ರಲ್ಲಿ ಅದರ ಹೊಸದಾಗಿ ಶುದ್ಧಗೊಳಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗ ನಾವೆಲ್ಲ ಸಂಭ್ರಮಪಟ್ಟೆವು.

ಆ ಕಥೆಯಲ್ಲಿ ಬಸುರಾದ ವಿಧವೆ ಯಮುನಕ್ಕನ ಜೊತೆಗೆ ಯಾರಿದ್ದಾರೆ? ಅವಳನ್ನು ಬಸುರು ಮಾಡಿದ ಮೇಷ್ಟರಿಲ್ಲ. ಅಪ್ಪ ಉಡುಪರಿಲ್ಲ. ಊರಂತೂ ಇಲ್ಲವೇ ಇಲ್ಲ. ಜೊತೆಗಿರುವವನು ನಾಣಿ, ಪಾಠಶಾಲೆಗೆ ಬಂದ ಚಿಕ್ಕ ಹುಡುಗ. ಅವನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಅರ್ಥವಾದಷ್ಟರಲ್ಲೇ ಅವನು ಅವಳನ್ನು ಬಿಡದೆ ಹಿಂಬಾಲಿಸುತ್ತಾನೆ, ಹೆದರುತ್ತಾನೆ, ಸುಳ್ಳು ಹೇಳಬೇಕೋ ನಿಜ ಹೇಳಬೇಕೋ ತಿಳಿಯದೆ ತಡವರಿಸುತ್ತಾನೆ. ಕೊನೆಗೆ ಅವನ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುತ್ತಾನೆ. ನಾವು ಪ್ರಕಟಿಸಿದ ಕಥೆಯ ಹಾಸ್ಟೆಲ್ ಹುಡುಗಿ ಈ ನಾಣಿಯ ವಂಶದವಳು. ಆದರೆ ಅರವತ್ತು ವರ್ಷಗಳಿಂದ ನಮ್ಮ ವಿಮರ್ಶೆ ಯಮುನಕ್ಕನ ಬಸಿರನ್ನು ಸಂಪ್ರದಾಯದ ಕ್ರೌರ್ಯ ಅಳೆಯುವ ಸಾಧನವಾಗಿಯೇ ಬಳಸಿದೆ. ನವ್ಯದವರಿಗೆ ಅವಳು ಅಗ್ರಹಾರವನ್ನು ಪ್ರಶ್ನಿಸಲು ಬೇಕಾದಳು, ಆಮೇಲಿನವರಿಗೆ ಜಾತಿಯನ್ನು ಪ್ರಶ್ನಿಸಲು ಬೇಕಾದಳು. ಆ ಪ್ರಶ್ನೆಗಳು ಬೇಕಾಗಿಯೇ ಇದ್ದವು, ಅನುಮಾನವಿಲ್ಲ. ಆದರೆ ಹದಿನೈದು ಹದಿನಾರರ ಹುಡುಗಿಯೊಬ್ಬಳು ಈ ಕಥೆ ಓದಿದರೆ ಅವಳಿಗೆ ಸಿಗುವುದೇನು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಅವಳಿಗೆ ಸಿಗುವುದು ಇಷ್ಟು: ಬಸುರಾದವಳು ಬದುಕಿದ್ದಾಗಲೇ ಸತ್ತಳು ಎಂದು ತಂದೆಯೇ ಶ್ರಾದ್ಧ ಮಾಡುತ್ತಾನೆ. ದೊಡ್ಡವರಿಗೆ ಅದು ವ್ಯವಸ್ಥೆಯ ವಿಮರ್ಶೆ. ಅವಳಿಗೆ ಅದು ಬೆದರಿಕೆ.

ಬಸುರಾದ ಹುಡುಗಿಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದೇವೆ. ಅವಳ ಕೈಗೆ ಕೊಡಬಹುದಾದ, ಅವಳ ಗೆಳತಿಯ ಕೈಗೆ ಕೊಡಬಹುದಾದ ಪುಸ್ತಕವನ್ನು ಬರೆದಿಲ್ಲ. ನಮ್ಮ ವಾದ ಇದೊಂದೇ.

ಇಂಥ ಹುಡುಗಿಯರು ಎಷ್ಟು ಮಂದಿ ಇದ್ದಾರು ಎಂದು ಒಬ್ಬ ಹಿರಿಯ ಓದುಗರು ಕೇಳಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19ರ ವಯಸ್ಸಿನವರಲ್ಲಿ ಆಗಲೇ ತಾಯಿಯಾದವರು ಅಥವಾ ಬಸುರಿಯಾಗಿದ್ದವರು ಶೇ. 5.4. 20ರಿಂದ 24ರ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಶೇ. 21.3. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ವಸತಿ ಶಾಲೆಯ ಹುಡುಗಿ ಹೆತ್ತಳು ಎಂಬ ಸುದ್ದಿ ಬಂದ ದಿನ ನಾವು ಬೆಚ್ಚಿಬೀಳುತ್ತೇವೆ, ವಾರ್ಡನ್ ಅಮಾನತಾದ ಸುದ್ದಿ ಓದಿ ಪುಟ ತಿರುಗಿಸುತ್ತೇವೆ. ಒಂಬತ್ತು ತಿಂಗಳು ಆ ಹುಡುಗಿಯ ಪಕ್ಕದಲ್ಲಿ ಮಲಗಿದವರು, ಅವಳ ಜೊತೆ ಊಟಕ್ಕೆ ಸಾಲು ನಿಂತವರು, ಅವಳ ಬಟ್ಟೆ ಬಿಗಿಯಾದದ್ದನ್ನು ಕಂಡವರು ಇದ್ದೇ ಇರುತ್ತಾರೆ. ಅವರ ಮನಸ್ಸಿನಲ್ಲಿ ಏನು ನಡೆಯಿತು ಎಂದು ಯಾವ ವರದಿಯೂ ಕೇಳುವುದಿಲ್ಲ. ಅದನ್ನು ಕೇಳುವ ಕೆಲಸ ಕಥೆಗಾರರದು.

ಇದು ಆಮದು ವಸ್ತು ಎನ್ನುವವರು ಹದಿನಾರರ ಹುಡುಗಿಯೊಬ್ಬಳು ಇವತ್ತು ನಮ್ಮ ತಾಲ್ಲೂಕೊಂದರಲ್ಲಿ ಬಸುರಾದರೆ ಏನೇನಾಗುತ್ತದೆ ಎಂದು ಯೋಚಿಸಲಿ. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಅವಳೇ ಇಷ್ಟಪಟ್ಟ ಹುಡುಗನಾದರೂ ಕೇಸು ಕೇಸೇ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಬೇಕು, ಬಚ್ಚಿಟ್ಟರೆ ಶಿಕ್ಷೆ. ಹಾಗಾಗಿ ಟೀಚರಿಗೆ ಹೇಳಿದರೂ, ತಾಯಿ ಕಾರ್ಡ್ ಮಾಡಿಸುವಾಗ ವಯಸ್ಸು ಕೇಳಿದ ಆಶಾ ಕಾರ್ಯಕರ್ತೆಗೆ ಗೊತ್ತಾದರೂ ದಾರಿ ಠಾಣೆಗೇ ಹೋಗುತ್ತದೆ. ತೆಗೆಸಬೇಕೆಂದರೆ 1971ರ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಅಂದರೆ ಯಾರಿಗೆ ಹೇಳಲು ಅವಳು ಎಲ್ಲರಿಗಿಂತ ಹೆಚ್ಚು ಹೆದರುತ್ತಾಳೋ ಅವರ ರುಜುವೇ ಬೇಕು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಅವಳ ಹೆಸರು, ಗುರುತು ಕೊಡಬೇಕಿಲ್ಲ ಎಂದಿತು. ಎಷ್ಟು ದೊಡ್ಡ ಸಮಾಧಾನ ಅದು! ಆ ಸಮಾಧಾನ ಯಾವ ಹಾಸ್ಟೆಲಿನ ಯಾವ ಹುಡುಗಿಗೆ ಗೊತ್ತಿದೆ? ಯಾರು ಹೇಳಿದ್ದಾರೆ ಅವಳಿಗೆ?

ಇದೇ ಪೋಕ್ಸೊ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. ತಿಳಿದೂ ತಿಳಿಸದವರಿಗೆ ವಿಧಿಸುವ ಶಿಕ್ಷೆ ಮಕ್ಕಳಿಗೆ ಅನ್ವಯಿಸುವುದಿಲ್ಲ. ಸುತ್ತಲಿನ ದೊಡ್ಡವರೆಲ್ಲ ಬಾಯಿಬಿಡದಿದ್ದರೆ ಜೈಲು ಎಂಬ ಹೆದರಿಕೆಯಲ್ಲಿರುವಾಗ, ಆ ಹೆದರಿಕೆಯಿಲ್ಲದೆ ಅವಳ ಮಾತು ಪೂರ್ತಿ ಕೇಳಬಲ್ಲವಳು ಅವಳ ವಯಸ್ಸಿನ ಗೆಳತಿ ಒಬ್ಬಳೇ. ಆ ಗೆಳತಿಗೂ ಹದಿನಾರು. ಅವಳಿಗೆ ಗೊತ್ತಿರುವುದು ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುತ್ತದೆ ಎಂಬುದಷ್ಟೇ, ಕೇಳಲು ನಾಲಿಗೆ ಏಳುವುದಿಲ್ಲ. ಗುಟ್ಟು ಕಾಪಾಡಿದರೆ ತಿಂಗಳುಗಳು ಮೀರಿ ಜೀವಕ್ಕೇ ಅಪಾಯ, ಬಾಯಿಬಿಟ್ಟರೆ ಸ್ನೇಹ ಹೋಯಿತು, ಹುಡುಗ ಒಳಗೆ ಹೋದ, ಗೆಳತಿಯ ಓದು ನಿಂತಿತು. ಕಾದಂಬರಿಗೆ ಇದಕ್ಕಿಂತ ಗಟ್ಟಿ ವಸ್ತು ಬೇಕೇ? ಈ ಇಕ್ಕಟ್ಟಿನ ಒಂದೊಂದು ಎಳೆಯೂ ಇಲ್ಲಿನದು. ಅಮೆರಿಕದ ಯಾವ ಪುಸ್ತಕದಲ್ಲೂ ತಾಯಿ ಕಾರ್ಡ್ ಇಲ್ಲ.

ಅಮೆರಿಕದ ಮಾತು ಬಂತು. ಹದಿಹರೆಯದವರ ಮೊದಲ ಪ್ರೇಮದ ಬಗ್ಗೆ ಜೂಡಿ ಬ್ಲೂಮ್ ಬರೆದ 'ಫಾರೆವರ್' 1975ರದು. ಐವತ್ತು ವರ್ಷವಾದರೂ ಆ ಪುಸ್ತಕಕ್ಕೆ ನೆಮ್ಮದಿಯಿಲ್ಲ, 2024ರಲ್ಲಿ ಯೂಟಾ ರಾಜ್ಯ ಸರ್ಕಾರಿ ಶಾಲೆಗಳಿಂದ ಹೊರಹಾಕಿದ ಪಟ್ಟಿಯಲ್ಲಿ ಅದೂ ಇತ್ತು. ಪಶ್ಚಿಮ ಪೂರ್ತಿ ಉದಾರ ಎಂದುಕೊಂಡವರು ಇದನ್ನು ಗಮನಿಸಬೇಕು. ಸಾರಾ ಡೆಸೆನ್ 1998ರಲ್ಲಿ ಬರೆದ 'ಸಮ್‌ವನ್ ಲೈಕ್ ಯು'ವಿನಲ್ಲಿ ಕಥೆ ಹೇಳುವವಳು ಬಸುರಿಯ ಗೆಳತಿ. ಇಂಗ್ಲೆಂಡಿನ ಬರ್ಲಿ ಡೋಹರ್ಟಿ ಅವರ 'ಡಿಯರ್ ನೋಬಡಿ'ಯಲ್ಲಿ ಹುಡುಗಿ ಹೊಟ್ಟೆಯಲ್ಲಿರುವ ಕೂಸಿಗೆ ಕಾಗದ ಬರೆಯುತ್ತಾಳೆ, ಹುಡುಗ ತನ್ನ ಕಡೆಯ ಕಥೆ ಹೇಳುತ್ತಾನೆ; ಅದಕ್ಕೆ 1991ರ ಕಾರ್ನೆಗಿ ಪದಕ ಬಂತು. ಆ್ಯಂಜೆಲಾ ಜಾನ್ಸನ್ ಅವರ 'ದಿ ಫಸ್ಟ್ ಪಾರ್ಟ್ ಲಾಸ್ಟ್'ನಲ್ಲಿ ಮಗುವನ್ನು ಸಾಕುವವನು ಹದಿನಾರರ ಅಪ್ಪ. ಇವರ ವಸ್ತುವನ್ನು ನಾವು ಎರವಲು ತರಬೇಕಿಲ್ಲ. ಅವರು ಓದುಗರ ಮೇಲಿಟ್ಟ ನಂಬಿಕೆಯನ್ನು ಮಾತ್ರ ಕಲಿಯಬೇಕು. ಈ ಪುಸ್ತಕಗಳಲ್ಲಿ ಹುಡುಗಿಗೆ ಶಿಕ್ಷೆ ಕೊಟ್ಟು ಪಾಠ ಹೇಳುವ ಆತುರವಿಲ್ಲ. ಡೋಹರ್ಟಿ, ಜಾನ್ಸನ್ ಅವರ ಪುಸ್ತಕಗಳಲ್ಲಿ ಹುಡುಗ ಎರಡನೆಯ ಅಧ್ಯಾಯದಲ್ಲಿ ಮಾಯವಾಗುವುದೂ ಇಲ್ಲ.

ನಮ್ಮಲ್ಲಿ ಆತುರವೇ ಎಲ್ಲ. ಸಿನಿಮಾ ಆಗಲಿ, ಧಾರಾವಾಹಿ ಆಗಲಿ, ಹೊಟ್ಟೆ ಬಂತು ಎಂದಾಕ್ಷಣ ಕಟ್ಟೆಯಲ್ಲಿ ಪಂಚಾಯಿತಿ, ಮುಂದಿನ ದೃಶ್ಯದಲ್ಲಿ ತಾಳಿ. ಊರುಗಳಲ್ಲೂ ಹಿರಿಯರು ಹೇಳುವುದು 'ಮದುವೆ ಮಾಡಿ ಮುಗಿಸಿಬಿಡಿ' ಎಂದೇ. ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹದಿನಾರರ ಕುತ್ತಿಗೆಗೆ ಕಟ್ಟಿದ ತಾಳಿಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ. ಆದರೂ ನಮ್ಮ ಬರಹಗಾರರು ಕಥೆ ಮುಗಿಸಲು ತಾಳಿಯನ್ನೋ ಬಾವಿಯನ್ನೋ ಹುಡುಕುತ್ತಾರೆ. ಪರೀಕ್ಷೆ ಬರೆದು, ಕೂಸನ್ನು ಅಮ್ಮನಿಗೆ ಕೊಟ್ಟು, ಮರುವರ್ಷ ಕಾಲೇಜಿಗೆ ಬಂದವಳ ಕಥೆಯನ್ನು ಯಾಕೆ ಬರೆಯಬಾರದು? ತೆಗೆಸಿಕೊಂಡು, ಅತ್ತು, ಆಮೇಲೆ ಗೆಳತಿಯ ಜೊತೆ ಬಸ್ಸಿನಲ್ಲಿ ನಗುತ್ತ ಬಂದವಳ ಕಥೆಯನ್ನು?

ಪ್ರಕಾಶಕರ ಮಾತು ಎತ್ತದೆ ವಿಧಿಯಿಲ್ಲ. ಕನ್ನಡದ ಪುಸ್ತಕದಂಗಡಿಯಲ್ಲಿ ಪಂಚತಂತ್ರದ ಕಪಾಟು ಮುಗಿದ ಮೇಲೆ ನೇರ ಸಿಇಟಿ ಗೈಡುಗಳು ಶುರುವಾಗುತ್ತವೆ. ಹನ್ನೆರಡರಿಂದ ಹದಿನೆಂಟರವರಿಗೆ ಒಂದು ಕಪಾಟಿಲ್ಲ. ಅಪರೂಪಕ್ಕೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ದಂಥ ಕಾದಂಬರಿ ಬಂದು, 2021ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದು, ಇಲ್ಲೂ ದಾರಿ ಇದೆ ಎಂದು ತೋರಿಸುತ್ತದೆ. ಹುಡುಗಿಯರ ವಿಷಯ ಬಂದರೆ ಮಾತ್ರ 'ಗ್ರಂಥಾಲಯದ ಸಗಟು ಖರೀದಿಯಲ್ಲಿ ಆಯ್ಕೆಯಾಗೋದಿಲ್ಲ ಸರ್' ಎಂಬ ಉತ್ತರ ಸಿದ್ಧವಿರುತ್ತದೆ. ಯಾರದೋ ಖರೀದಿ ಸಮಿತಿಯ ಅಂಜಿಕೆ ಒಂದು ಭಾಷೆಯ ಹದಿಹರೆಯದ ಓದನ್ನು ನಿರ್ಧರಿಸುವುದು ನಮಗೆ ಸಹಿಸಲಾಗದ ವಿಷಯ. ಅಂಜಿಕೆ ಸರ್ಕಾರಕ್ಕೂ ಇತ್ತು: 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ತಿಳಿವಳಿಕೆ ಕೊಡಬೇಕು ಎಂದಿತು. ಕೋರ್ಟಿಗೆ ಅರ್ಥವಾದದ್ದು ಸಾಹಿತಿಗಳಿಗೆ ಅರ್ಥವಾಗಬೇಡವೇ? ಕಾಯ್ದೆ ತಿಳಿದ ಹುಡುಗಿ ಹೆದರಬಲ್ಲಳು ಅಷ್ಟೇ. ಹೆದರಿಕೆಯ ನಡುವೆ ತೀರ್ಮಾನ ಹೇಗೆ ತೆಗೆದುಕೊಳ್ಳುವುದು ಎಂದು ಯೋಚಿಸಲು ಅವಳಿಗೆ ಇನ್ನೊಬ್ಬಳ ಕಥೆ ಬೇಕು.

ಓದಿದರೆ ಮಕ್ಕಳು ಕೆಡುತ್ತಾರೆ ಎಂದು ಬರೆದ ತಾಯಂದಿರಿಗೆ ಒಂದು ಮಾತು. ನಿಮ್ಮ ಮಗಳಿಗೆ ಹೀಗೇನಾದರೂ ಆದರೆ ಅದು ನಿಮಗಿಂತ ಮೊದಲು ಅವಳ ಗೆಳತಿಗೆ ತಿಳಿದಿರುತ್ತದೆ. ಆ ಗೆಳತಿ ಏನು ಓದಿಕೊಂಡಿದ್ದರೆ ನಿಮಗೆ ಒಳ್ಳೆಯದು? ಮೊಬೈಲಿನಲ್ಲಿ ಬರುವ, ಸಿಡುಕ ಗಂಡನನ್ನು ಹುಡುಗಿ ಸಹಿಸಿ ಗೆಲ್ಲುವ ಪ್ರೇಮಕಥೆಗಳನ್ನೋ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ಕಿಗೆ ಹೋಗಬಹುದು, ಅಮ್ಮನಿಗೆ ಹೇಳಲು ಜೊತೆಗೆ ಹೋಗಿ ನಿಲ್ಲಬಹುದು ಎಂದು ತೋರಿಸಿದ ಕಥೆಯನ್ನೋ?

ಈ ಸಂಚಿಕೆ ಹದಿಹರೆಯದವರ ಕಥನಕ್ಕೆ ಮೀಸಲು. ಐದು ಕಥೆ, ಒಂದು ನೀಳ್ಗತೆ ಇವೆ.

ಮುಂದೆಯೂ ಇಂಥ ಕಥೆಗಳನ್ನು ಪ್ರಕಟಿಸುತ್ತೇವೆ. ಕಳುಹಿಸುವವರಲ್ಲಿ ನಮ್ಮ ಕೋರಿಕೆ: ಹುಡುಗನನ್ನು ಕಥೆಯಿಂದ ಓಡಿಸಬೇಡಿ, ಗೆಳತಿಯನ್ನು ದೇವತೆ ಮಾಡಬೇಡಿ, ಕೊನೆಯ ಪುಟದಲ್ಲಿ ವೈದ್ಯರಿಂದ ಭಾಷಣ ಮಾಡಿಸಬೇಡಿ. ಬಳ್ಳಾರಿ, ಯಾದಗಿರಿ, ಚಾಮರಾಜನಗರ, ಯಾವ ಕಡೆಯ ಕನ್ನಡವಾದರೂ ಸರಿ, ಹುಡುಗಿಯರು ತಮ್ಮತಮ್ಮಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ನಾವು ತಿದ್ದುವುದಿಲ್ಲ. ಬರೆದವರು ಹದಿನೆಂಟರೊಳಗಿನವರಾದರೆ ಹೆಸರು, ಊರು, ಶಾಲೆ ಯಾವುದನ್ನೂ ಅಚ್ಚು ಹಾಕುವುದಿಲ್ಲ. ಸಂಭಾವನೆ ಹಿರಿಯರಿಗೆ ಕೊಡುವಷ್ಟೇ ಕೊಡುತ್ತೇವೆ.