ಗೃಹಾರೋಗ್ಯ: ಹೊಟ್ಟೆನೋವು ಎಲ್ಲಿ?

ಮಗುವು ಹೊಟ್ಟೆನೋವೆಂದು ಅತ್ತರೆ, ವೈದ್ಯರ ಮುಂದೆ ಆ ಒಂದು ಮಾತನ್ನೇ ಒಪ್ಪಿಸಿ ಸುಮ್ಮನಾಗುವವರು ನಮ್ಮಲ್ಲಿ ಬಹುಮಂದಿ. ಪಕ್ಕೆಲುಬಿನ ಕೆಳಗಿನಿಂದ ತೊಡೆಸಂದಿನವರೆಗೆ ಇರುವುದೆಲ್ಲವೂ ಹೊಟ್ಟೆಯೇ ಆದರೆ, ನೋವಿನ ನೆಲೆ ತಿಳಿಯುವುದೆಂತು?

ಅಂಗರಚನಾಶಾಸ್ತ್ರಜ್ಞರು ಉದರದ ಮೇಲೆ ಉದ್ದಕ್ಕೆ ೨, ಅಡ್ಡಕ್ಕೆ ೨ ಗೆರೆಗಳನ್ನು ಕಲ್ಪಿಸಿ ೯ ಭಾಗಗಳನ್ನು ಮಾಡಿರುವರು. ನಡುವಿನ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಮೇಲ್ಹೊಟ್ಟೆ, ನಾಭಿಯ ಸುತ್ತಣ ಭಾಗ, ಕಿಬ್ಬೊಟ್ಟೆ. ಇಕ್ಕೆಲಗಳಲ್ಲಿ ಪಕ್ಕೆಲುಬಿನ ಅಡಿ, ಸೊಂಟದ ಪಕ್ಕ, ತೊಡೆಸಂದಿನ ಮೇಲ್ಗಡೆ. ಎಡಬಲಗಳೆಂದರೆ ರೋಗಿಯ ಎಡಬಲಗಳೇ ಹೊರತು ಎದುರಿಗೆ ನಿಂತವರವಲ್ಲ. ಈ ನಿಯಮವನ್ನು ಮರೆತರೆ ಬಲಗಡೆಯ ಯಕೃತ್ತಿನ ನೋವು ಎಡಗಡೆಯ ಪ್ಲೀಹದ ನೋವೆಂದು ತೋರೀತು.

ಇದು ಬರಿಯ ಪಾಂಡಿತ್ಯವಲ್ಲ. ದೊಡ್ಡ ಕರುಳಿನ ಮೊದಲಲ್ಲಿರುವ ಅಪೆಂಡಿಕ್ಸ್ ಎಂಬ ಸಣ್ಣ ಬಾಲವು ಬಾತಾಗ, ನೋವು ಅನೇಕರಲ್ಲಿ ಮೊದಲು ನಾಭಿಯ ಸುತ್ತ ಹುಟ್ಟಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಸರಿಯುವುದು. ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿಯವರು ೧೮೮೯ರಲ್ಲಿ ಆ ತಾಣವನ್ನು ಗುರುತಿಸಿದರು: ಬಲಸೊಂಟದ ಮೂಳೆಯ ಮುಂದಿನ ಮೊನೆಯಿಂದ ನಾಭಿಯ ಕಡೆಗೆ ಒಂದೂವರೆ ಎರಡು ಅಂಗುಲಗಳ ದೂರ. ಇಂಥ ನೋವಿಗೆ ಹರಳೆಣ್ಣೆ ಕುಡಿಸುವುದು ಅಪಾಯಕರ. ಬಾತ ಬಾಲವು ಒಡೆದು ಪ್ರಾಣಕ್ಕೆ ಸಂಚಕಾರ ಬಂದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ನೋವು ಎಲ್ಲಿ ಹುಟ್ಟಿತು, ಎಲ್ಲಿಗೆ ಸರಿಯಿತು, ಈಗ ಯಾವ ಕಡೆ ಇದೆ? ಮನೆಯವರು ಈ ಮೂರನ್ನು ಸ್ಪಷ್ಟವಾಗಿ ಹೇಳಬಲ್ಲವರಾದರೆ ವೈದ್ಯರ ಅರ್ಧ ಕೆಲಸ ಮನೆಯಲ್ಲಿಯೇ ಆದಂತೆ. ಮಕ್ಕಳಿಗೂ ತಮ್ಮ ಅಂಗಗಳ ಹೆಸರುಗಳನ್ನು ಕಲಿಸಿರೆಂದು ವಾಚಕರಲ್ಲಿ ನಮ್ಮ ಬಿನ್ನಹ.