ಪೆನ್‌ಡ್ರೈವ್ ಸಾಕು, ಹತ್ತು ಬೆರಳು ಕೊಡಿ



ಈ ಸಲ ಜಗಳಕ್ಕೇ ಬಂದಿದ್ದೇನೆ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ನಮ್ಮ ಗಾನವೃಂದದ ಗೆಳೆಯರು ಯಾರು ಸಿಕ್ಕರೂ ಒಂದೇ ಮಾತು: ಕ್ರಿಸ್ಮಸ್ಸಿಗೆ ಹೊಸ ಕೀಬೋರ್ಡ್ ಬೇಕು, ಸ್ಟೈಲ್ ಜಾಸ್ತಿ ಇರುವಂಥದ್ದು. ಒಂದು ಬಟನ್ ಒತ್ತಿದರೆ ಡ್ರಮ್ಸು, ಇನ್ನೊಂದು ಒತ್ತಿದರೆ ಪಿಟೀಲುಗಳ ಸಾಲು. ಅದೂ ಆಗದಿದ್ದರೆ ಪೆನ್‌ಡ್ರೈವ್ ಚುಚ್ಚಿ, ಟ್ರ್ಯಾಕ್ ಹಾಕಿ, ಅದರ ಮೇಲೆ ಹಾಡುವುದು. ಇದಕ್ಕೆ ಒಂದು ರೂಪಾಯಿಯನ್ನೂ ಎತ್ತಬಾರದು ಅನ್ನುವುದು ನನ್ನ ವಾದ.

ಕಳೆದ ಪಾಸ್ಕ ಹಬ್ಬಕ್ಕೆ ನಮ್ಮ ಕಡೆಯ ಒಂದು ದೇವಾಲಯದಲ್ಲಿ (ಯಾವುದೆಂದು ಹೇಳುವುದಿಲ್ಲ, ಅಲ್ಲಿದ್ದವರಿಗೆ ಗೊತ್ತು) ಹ್ಯಾಂಡೆಲ್‌ನ ಹಲ್ಲೆಲೂಯ ಕೋರಸ್ ಇತ್ತು. ತಿಂಗಳಿಡೀ ಅಭ್ಯಾಸ ನಡೆದಿತ್ತು. ಅದರ ಕೊನೆಯಲ್ಲಿ ಎಲ್ಲ ದನಿಗಳೂ ಏರಿ ಬಂದು ಥಟ್ಟನೆ ನಿಲ್ಲುತ್ತವೆ. ಪೂರ್ತಿ ಮೌನ. ಆಮೇಲೆ ನಿಧಾನವಾಗಿ, ಅಗಲವಾಗಿ, ಕೊನೆಯ ಒಂದು ಹಲ್ಲೆಲೂಯ. ಹಾಡುವವರು ಸರಿಯಾಗಿಯೇ ನಿಂತರು. ಕೀಬೋರ್ಡಿನ ರಿದಮ್ ನಿಲ್ಲಲಿಲ್ಲ. ಅಂಥ ಮೌನದೊಳಗೆ ಡ್ರಮ್ಮು ಟಿಕ್ಕುಟಿಕ್ಕೆಂದು ಓಡುತ್ತಲೇ ಇತ್ತು. ಮುಂದೆ ಕೂತಿದ್ದ ಮಕ್ಕಳು ಕಿಸಕ್ಕೆಂದರು. ಕೀಬೋರ್ಡ್ ನುಡಿಸುತ್ತಿದ್ದ ಹುಡುಗನನ್ನು ಆಮೇಲೆ ಎಲ್ಲರೂ ಬೈದರು. ನಾನು ಮಾತ್ರ ಬೈಯಲಿಲ್ಲ, ಆ ಹುಡುಗ ನಾನೇ.

ಮನೆಗೆ ಬಂದು ಜೆರಾಕ್ಸ್ ಪ್ರತಿ ತೆಗೆದು ನೋಡಿದೆ. ಮೇಲೆ ನಾಲ್ಕು ದನಿಗಳ ನಾಲ್ಕು ಸಾಲು, ಕೆಳಗೆ ಪಿಯಾನೋಗೆ ಎರಡು ಸಾಲು. ಆ ಎರಡು ಸಾಲನ್ನು ನಾನು ಓದಿರಲೇ ಇಲ್ಲ! ಮೇಲೆ ಪೆನ್ಸಿಲಿನಲ್ಲಿ ಡಿ, ಜಿ, ಎ ಎಂದು ಕಾರ್ಡ್ ಬರೆದುಕೊಂಡು, ಉಳಿದದ್ದನ್ನು ಯಂತ್ರಕ್ಕೆ ಬಿಟ್ಟಿದ್ದೆ. ಇಡೀ ವಾದ್ಯವೃಂದವನ್ನು ಎರಡು ಕೈಗೆ ಇಳಿಸಿ ಯಾರೋ ಕೂತು ಬರೆದ ಸಾಲುಗಳು ಅವು. ಲಂಡನ್ನಿನ ನೊವೆಲ್ಲೊ ಪ್ರಕಾಶಕರು 19ನೇ ಶತಮಾನದಲ್ಲಿ ಇಂಥ ಪ್ರತಿಗಳನ್ನು ಅಗ್ಗವಾಗಿ ಅಚ್ಚುಹಾಕಿ ಮಾರಿದ್ದರಿಂದಲೇ ವಾದ್ಯವೃಂದವಿಲ್ಲದ ಊರುಗಳಲ್ಲೂ ಇದನ್ನು ಹಾಡಲು ಸಾಧ್ಯವಾಯಿತು.

ಇಳಿಸುವುದೆಂದರೆ ಎಲ್ಲವನ್ನೂ ತುರುಕುವುದಲ್ಲ, ಏನನ್ನು ಬಿಡಬೇಕೆಂದು ತೀರ್ಮಾನಿಸುವುದು. ಓಬೋಗಳು ಬಹುಪಾಲು ಹಾಡುವವರ ಸ್ವರವನ್ನೇ ಹಿಡಿದು ಹೋಗುತ್ತವೆ, ಅವನ್ನು ಬಿಡಬಹುದು. ತುತ್ತೂರಿಗಳ ಹೊಡೆತವನ್ನು ಬಿಡುವಂತಿಲ್ಲ, ಅದು ಬಲಗೈಗೆ ಬರಬೇಕು. ಡಬಲ್ ಬೇಸಿನ ಗಾಂಭೀರ್ಯ ಎಡಗೈಯ ಆಕ್ಟೇವಿನಲ್ಲಿ ಬರುತ್ತದೆ. ನಡುವೆ ಸೊಪ್ರಾನೋಗಳು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಏರುವ ಜಾಗವಿದೆ. ಪಿಯಾನೋದ ಸ್ವರ ಒತ್ತಿದ ಕೂಡಲೇ ಕ್ಷೀಣಿಸತೊಡಗುತ್ತದೆ, ಪಿಟೀಲಿನಂತೆ ನಿಲ್ಲುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಒತ್ತಬೇಕು, ಎಲ್ಲಿ ಒತ್ತಬೇಕೆಂದು ಹಾಡುವವರ ಉಸಿರು ಕೇಳಿ ತಿಳಿಯಬೇಕು. ಯಾವ ಸ್ಟೈಲ್ ಬಟನ್ನಿಗೆ ಉಸಿರು ಕೇಳಿಸುತ್ತದೆ, ಹೇಳಿ?

‘ಅದು ನಕಲಿ, ಪೂರ್ತಿ ಸೌಂಡ್ ಬರಲ್ಲ’ ಅನ್ನುತ್ತಾರೆ. ಬಾಖ್ ವೈಮಾರ್‌ನಲ್ಲಿದ್ದಾಗ ವಿವಾಲ್ಡಿಯ ಪಿಟೀಲು ಕನ್ಸರ್ಟೋಗಳನ್ನು ಒಂಟಿ ಕೀಲಿಮಣೆಗೆ ಇಳಿಸಿದ. ಲಿಸ್ಟ್ ಬೀಥೋವನ್‌ನ ಒಂಬತ್ತು ಸಿಂಫನಿಗಳನ್ನೂ ಒಬ್ಬನೇ ನುಡಿಸುವಂತೆ ಪಿಯಾನೋಗೆ ಬರೆದ, ಪೂರ್ತಿ ಸಂಪುಟ ಅಚ್ಚಾದದ್ದು 1865ರಲ್ಲಿ. ಒಂಬತ್ತನೆಯದರ ಕೊನೆಯ ಭಾಗ, ಗಾನವೃಂದ ಹಾಡುವ ಭಾಗ, ಎರಡು ಕೈಗೆ ಆಗದ ಕೆಲಸವೆಂದು ಅವನೂ ಒಮ್ಮೆ ಕೈಚೆಲ್ಲಿದ್ದ. ಪ್ರಕಾಶಕರು ಬಿಡಲಿಲ್ಲ, ಕೊನೆಗೆ ಮಾಡಿದ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡುವ ಮುನ್ನ ಎಷ್ಟೋ ಮನೆಗಳಿಗೆ ಸಿಂಫನಿ ಗೊತ್ತಿದ್ದದ್ದೇ ಪಿಯಾನೋದ ಮುಂದೆ ಇಬ್ಬರು ಕೂತು ನುಡಿಸಿದಾಗ. ಅವರು ಯಾರೂ ಪಿಟೀಲಿನ ದನಿ ಬರಿಸುತ್ತೇವೆಂದು ನಟಿಸಲಿಲ್ಲ. ನಟಿಸುವುದು ನಮ್ಮ ಬಟನ್ನು. (ನಮ್ಮೂರ ಕಡೆ ‘ಆರ್ಕೆಸ್ಟ್ರಾ’ ಅಂದರೆ ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ತಂಡ. ಅವರನ್ನು ನಾನು ಹೀಗಳೆಯುತ್ತಿಲ್ಲ, ಅವರಲ್ಲಿ ಡ್ರಮ್ ಬಾರಿಸಲು ನಿಜವಾದ ಮನುಷ್ಯ ಇರುತ್ತಾನೆ.)

ಇನ್ನು ಕೆಲವರು ಶಾಸ್ತ್ರ ತೆಗೆಯುತ್ತಾರೆ: ಪಿಯಾನೋ ಚರ್ಚಿಗೆ ನಿಷಿದ್ಧ ಅಲ್ಲವೇ? ಹೌದು, ಹತ್ತನೇ ಪಯಸ್ ಜಗದ್ಗುರುಗಳು 1903ರ ನವೆಂಬರ್ 22ರ ಆಜ್ಞೆಯಲ್ಲಿ ಪಿಯಾನೋವನ್ನು ನಿಷೇಧಿಸಿದ್ದರು. ಅದೇ ಉಸಿರಿನಲ್ಲಿ ಡ್ರಮ್ಮನ್ನೂ ನಿಷೇಧಿಸಿದ್ದರು! ಆ ಬಿಗಿಯನ್ನು 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಡಿಲಿಸಿತು, ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಜಾಗ ಬಂತು. ಹಳೆಯ ಆಜ್ಞೆಯನ್ನು ಅರ್ಧ ಮಾತ್ರ ಓದಿ ನನ್ನ ಬಾಯಿ ಮುಚ್ಚಿಸಬೇಡಿ.

ನನ್ನ ಹಟಕ್ಕೆ ಮುಖ್ಯ ಕಾರಣ ಬೇರೆ ಇದೆ. ನಮ್ಮ ಗಾನವೃಂದಗಳು ಕರಗುತ್ತಿವೆ. ಓದು ಮುಗಿಸಿದವರು ಹಿಂದೂಪುರದಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ. ಕಲ್ಯಾಣದುರ್ಗದ ಕಡೆ ಅಭ್ಯಾಸಕ್ಕೆ ಹೋದರೆ ಎಂಟು ಜನ ಸಿಕ್ಕಿದ್ದೇ ಪುಣ್ಯ, ಅದರಲ್ಲಿ ಬೇಸ್ ಹಾಡುವವನು ಒಬ್ಬನೇ. ಹಲ್ಲೆಲೂಯದಲ್ಲಿ ದನಿಗಳು ಒಂದರ ಹಿಂದೊಂದು ಒಂದೇ ರಾಗವನ್ನು ಎತ್ತಿಕೊಳ್ಳುವ ಭಾಗ ಶುರುವಾಗುವುದು ಬೇಸಿನಿಂದಲೇ. ಅವನಿಗೆ ಆ ದಿನ ರಜೆ ಸಿಗದಿದ್ದರೆ? ಓದಿ ನುಡಿಸುವವನು ಎಡಗೈಯಲ್ಲಿ ಅವನ ಸಾಲನ್ನು ಹೊತ್ತುಕೊಳ್ಳುತ್ತಾನೆ. ಆಲ್ಟೋ ಹಾಡುವ ಅಕ್ಕ ಅರ್ಧ ಕ್ಷಣ ತಡವಾಗಿ ಬಂದರೆ ಕಾಯುತ್ತಾನೆ. ಪೆನ್‌ಡ್ರೈವಿಗೆ ಯಾರು ಬಂದರೂ ಒಂದೇ, ಬಾರದಿದ್ದರೂ ಒಂದೇ. ಹಾಡಲು ಬಂದ ಎಂಟು ಜನರಿಗೂ ಅದು ನಿಧಾನಕ್ಕೆ ಗೊತ್ತಾಗುತ್ತದೆ, ಮುಂದಿನ ವಾರ ಆರು ಜನ ಬರುತ್ತಾರೆ.

ಆದ್ದರಿಂದ ಹಣ ಎತ್ತುವುದೇ ಆದರೆ 88 ಕೀಲಿಯ, ಬೆರಳಿಗೆ ಭಾರ ಸಿಗುವ, ಪೆಡಲ್ ಇರುವ ಡಿಜಿಟಲ್ ಪಿಯಾನೋಗೆ ಎತ್ತೋಣ. ಸ್ಟೈಲ್ ಒಂದೂ ಬೇಡ. ಈಗಿರುವ 61 ಕೀಲಿಯದರಲ್ಲಿ ಕೆಳಗಿನ ಆಕ್ಟೇವೇ ಇಲ್ಲ. ಅಲ್ಲಿಯವರೆಗೆ ಅದರಲ್ಲೇ ಕಲಿಯೋಣ, ರಿದಮ್ ಬಟನ್ನಿನ ಮೇಲೆ ಪ್ಲಾಸ್ಟರ್ ಅಂಟಿಸಿ.

ಹಲ್ಲೆಲೂಯ ಕೋರಸ್ಸಿಗೆ 94 ಬಾರ್‌ಗಳು. ಸಂತ ಸಿಸಿಲಿಯಾ ಹಬ್ಬದಿಂದ ಕ್ರಿಸ್ಮಸ್ ಹಿಂದಿನ ರಾತ್ರಿಗೆ 32 ದಿನ. ದಿನಕ್ಕೆ ಮೂರು ಬಾರ್. ನಾನು ಎಡಗೈಯಿಂದ ಶುರುಮಾಡುತ್ತೇನೆ, ಪಕ್ಕದಲ್ಲಿ ಕೂತು ಪುಟ ತಿರುಗಿಸಲು ಒಬ್ಬರು ಬೇಕು.